ಸ್ಕ್ಯಾನ್ ನಾರ್ಮಲ್ ಬಂದಿದೆ, ಮಗ ಕಬಡ್ಡಿ ಆಡಬಹುದಾ?

ಟೂರ್ನಮೆಂಟ್ ಸೀಸನ್ ಶುರುವಾದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಇದೇ ಪ್ರಶ್ನೆ. ಉತ್ತರಿಸಿ ಉತ್ತರಿಸಿ ಬೇಜಾರಾಗಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ, ಉಳಿದವಕ್ಕೆ ಒಂದೆರಡು ಸಾಲು.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಕಬಡ್ಡಿಯಲ್ಲಿ ಕಾಲು ಹಿಡಿಯಲು ಹೋದಾಗ ರೇಡರ್‌ನ ಮೊಣಕಾಲು ತಲೆಗೆ ಬಡಿಯಿತು. ಎರಡು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಪ್ರಜ್ಞೆ ತಪ್ಪಿರಲಿಲ್ಲ. ಸಿಟಿ ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು ಅಂತಾನೆ, ಸುಮ್ನೆ ಸಿಟ್ಟಾಗ್ತಾನೆ. ಮುಂದಿನ ವಾರ ಸೆಲೆಕ್ಷನ್ ಇದೆ. ಎಂಆರ್‌ಐ ಮಾಡಿಸಿ ಕಳಿಸಲೇ? (ಒಬ್ಬ ತಂದೆ, ಜಮಖಂಡಿ)

ಕಳಿಸಬೇಡಿ. ಎಂಆರ್‌ಐ ಮಾಡಿಸಿಯೂ ಕಳಿಸಬೇಡಿ.

ಪೆಟ್ಟು ಬಿದ್ದಾಗ ಸಿಟಿ ಮಾಡಿಸುವುದು ಒಳಗೆ ರಕ್ತಸ್ರಾವ ಆಗಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ಎಂದು ನೋಡುವುದಕ್ಕೆ. ನಿಮ್ಮ ಮಗನ ಲಕ್ಷಣ ಓದಿದರೆ ಇದು ಕನ್‌ಕಷನ್ ಅನಿಸುತ್ತದೆ. ಹೊಡೆತಕ್ಕೆ ಮೆದುಳು ಅಲುಗಾಡಿ ಅದರ ಕೆಲಸ ಏರುಪೇರಾಗಿರುತ್ತದೆ. ಗಡಿಗೆ ಒಡೆದಿಲ್ಲ ಅಂದಮಾತ್ರಕ್ಕೆ ಒಳಗಿನ ಮೊಸರು ಕದಡಿಲ್ಲ ಅಂತಲ್ಲ. ಅದು ಸಿಟಿಯಲ್ಲಿ ಕಾಣುವುದಿಲ್ಲ, ಮಾಮೂಲಿ ಎಂಆರ್‌ಐನಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ನು ಪ್ರಜ್ಞೆಯ ಮಾತು. ಕನ್‌ಕಷನ್ ಆದ ಹತ್ತು ಆಟಗಾರರಲ್ಲಿ ಹೆಚ್ಚೂಕಡಿಮೆ ಒಂಬತ್ತು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ.

ಹಾಗಾದರೆ ಪತ್ತೆ ಹೇಗೆ? ಕೇಳಬೇಕು, ನೋಡಬೇಕು, ಅಷ್ಟೇ. ಇದಕ್ಕೆ ಸ್ಕ್ಯಾಟ್-6 ಎಂಬ ಪರೀಕ್ಷೆ ಇದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಭೆಯ ನಂತರ ಬಂದದ್ದು. 8ರಿಂದ 12 ವರ್ಷದ ಮಕ್ಕಳಿಗೆ ಬೇರೆಯದೇ ಇದೆ. ಪೆಟ್ಟು ಬಿದ್ದ ಮೂರು ದಿನದೊಳಗೆ ಮಾಡಿದರೆ ಒಳ್ಳೆಯದು. ವಾರ ದಾಟಿದರೆ ಅದರ ಉಪಯೋಗ ಕಡಿಮೆ, ಆಗ ಕ್ಲಿನಿಕ್‌ನಲ್ಲಿ ಇನ್ನೂ ವಿವರವಾಗಿ ನೋಡಬೇಕಾಗುತ್ತದೆ.

ನನ್ನ ಮುಂದೆ ಕೂರುವ ಹುಡುಗರ ಮೊದಲ ಮಾತು, ‘ಏನೂ ಇಲ್ರಿ ಸರ್, ಆರಾಮ ಅದೀನಿ.’ ಆಯ್ತಪ್ಪ, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳು ಅಂತೀನಿ. ಡಿಸೆಂಬರ್, ನವೆಂಬರ್, ಅಕ್ಟೋಬರ್, ಆಗಸ್ಟ್... ಅಲ್ಲಿಗೆ ನಿಂತು ಅವ್ವನ ಮುಖ ನೋಡುತ್ತಾನೆ. ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡಿ ಅಂದರೆ ನಾಲ್ಕನೇ ಹೆಜ್ಜೆಗೆ ಕೈ ಗೋಡೆ ಹುಡುಕುತ್ತದೆ. ಇದು ಯಾವ ಸ್ಕ್ಯಾನ್‌ನಲ್ಲಿ ಬರುತ್ತದೆ, ಹೇಳಿ?

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ನೀವು ಒಂದೇ ಸಾಲಿನಲ್ಲಿ ಮುಗಿಸಿದ ಆ ಹಿಂದಿನ ಪೆಟ್ಟು. ಆಗ ತಲೆನೋವು ಎಷ್ಟು ದಿನ ಇತ್ತು? ಪೂರ್ತಿ ಹೋಗಿತ್ತಾ? ಅದಕ್ಕೂ ಮೊದಲು ಬಿದ್ದದ್ದುಂಟಾ? ಮಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿ. ಕೋಚ್ ಪಕ್ಕದಲ್ಲಿ ಬೇಡ. ಟೀಮಿನಿಂದ ತೆಗೆಯುತ್ತಾರೆ ಅನ್ನೋ ಭಯಕ್ಕೆ ಮಕ್ಕಳು ಮುಚ್ಚಿಡುತ್ತಾರೆ. ಕ್ಲಾಸ್ ಟೀಚರನ್ನೂ ಕೇಳಿ, ಬೋರ್ಡ್ ನೋಡಿ ಬರೆದುಕೊಳ್ಳಲು ಒದ್ದಾಡುತ್ತಾನಾ ಅಂತ. ಎಲ್ಲವನ್ನೂ ತಾರೀಖು ಹಾಕಿ ಬರೆದು ತನ್ನಿ. ಪ್ರತಿ ಸಲ ಇನ್ನೂ ಸಣ್ಣ ಪೆಟ್ಟಿಗೇ ಲಕ್ಷಣ ಬರುತ್ತಿದ್ದರೆ, ಪ್ರತಿ ಸಲ ವಾಸಿಯಾಗಲು ಜಾಸ್ತಿ ದಿನ ಹಿಡಿಯುತ್ತಿದ್ದರೆ, ಮುಂದೆ ಆಡಬೇಕಾ ಅಂತಲೇ ಯೋಚಿಸಬೇಕಾಗುತ್ತದೆ. ಕತ್ತನ್ನೂ ನೋಡಬೇಕು. ಎಷ್ಟೋ ಸಲ ತಲೆನೋವಿನ ಮೂಲ ಅಲ್ಲಿರುತ್ತದೆ.

ಒಂದು ಪೆಟ್ಟು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಮೆದುಳು ದಿಢೀರ್ ಊದಿಕೊಂಡು ಜೀವ ಹೋಗಬಹುದು. ಅಪರೂಪ, ನಿಜ. ಆದರೆ ವರದಿಯಾದವರಲ್ಲಿ ಹೆಚ್ಚಿನವರು ಎಳೆ ವಯಸ್ಸಿನವರೇ. ಈ ವಿಷಯದಲ್ಲಿ ನಾನು ಪುಕ್ಕಲ ಅಂದರೂ ಅಡ್ಡಿಯಿಲ್ಲ.

ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಬೇಡ. ಪೆಟ್ಟು ಬಿದ್ದ ಒಂದೆರಡು ದಿನ ಹಗುರ ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ವಾಕಿಂಗ್, ನಿಧಾನಕ್ಕೆ ಶಾಲೆ. ಶಾಲೆಯಲ್ಲಿ ಸರಿಹೋದ ಮೇಲೇ ಆಟದ ಮಾತು. ಓಟ, ಮೈಗೆ ಮೈ ತಾಗದ ಪ್ರಾಕ್ಟೀಸ್, ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ಹಿಡಿತ, ಡ್ಯಾಶ್ ಎಲ್ಲ ಡಾಕ್ಟರ್ ನೋಡಿ ಹೂಂ ಅಂದ ಮೇಲೆ. ಹೆಚ್ಚಿನ ಮಕ್ಕಳು ಒಂದು ತಿಂಗಳೊಳಗೆ ಸರಿಹೋಗುತ್ತಾರೆ. ನಿಮ್ಮವನಿಗೆ ಇದು ಎರಡನೆಯದು, ಹಾಗಾಗಿ ನಾನಂತೂ ಅವಸರ ಮಾಡುವುದಿಲ್ಲ. ಸೆಲೆಕ್ಷನ್ ಮುಂದಿನ ವರ್ಷವೂ ಬರುತ್ತದೆ.

ಪ್ರಶ್ನೆ: ನಮ್ಮ ಹುಡುಗ ಗರಡಿಯಲ್ಲಿ ಕುಸ್ತಿ ಆಡುವಾಗ ತಲೆ ಕೆಳಗಾಗಿ ಬಿದ್ದ. ನರ ಹಿಡಿಸುವವರು ಕತ್ತು ತಿರುವಿ ಲಟಕ್ ಅನ್ನಿಸಿದರು. ಇನ್ನೊಮ್ಮೆ ಮಾಡಿಸಲೇ? (ಬೆಳಗಾವಿ)

ಮೊದಲ ಸಲ ಬದುಕಿದ್ದೇ ಪುಣ್ಯ. ತಲೆಗೆ ಬಿದ್ದವನ ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ಅದನ್ನು ತಿರುವಿದರೆ ಕೈಕಾಲು ಬೀಳಬಹುದು. ಮೊದಲು ಕತ್ತು ತೋರಿಸಿ.

ಪ್ರಶ್ನೆ: ಮಗಳು ಸೈಕ್ಲಿಂಗ್‌ನಲ್ಲಿ ಬಿದ್ದಳು. ಹೆಲ್ಮೆಟ್ ಇತ್ತಲ್ಲ, ಚಿಂತೆ ಇಲ್ಲ ಅಲ್ವಾ? (ವಿಜಯಪುರ)

ಹೆಲ್ಮೆಟ್ ಬುರುಡೆ ಕಾಯುತ್ತದೆ. ಕನ್‌ಕಷನ್ ಆಗಲ್ಲ ಎಂಬ ಗ್ಯಾರಂಟಿ ಇಲ್ಲ. ಆ ಹೆಲ್ಮೆಟ್ ಬಿಸಾಕಿ, ಹೊಸದು ಕೊಡಿಸಿ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದವರನ್ನು ರಾತ್ರಿಯಿಡೀ ಎಚ್ಚರವಾಗಿ ಕೂರಿಸಬೇಕಂತೆ?

ಡಾಕ್ಟರ್ ನೋಡಿ ಮನೆಗೆ ಕಳಿಸಿದ್ದರೆ ಮಲಗಲಿ. ಜೊತೆಗೆ ಒಬ್ಬರು ಇರಲಿ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು, ಕಿವಿ ಮೂಗಿನಿಂದ ನೀರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಪದೇ ಪದೇ ಪೆಟ್ಟು ತಿಂದವರಿಗೆ ಬರುವ ಮೆದುಳು ಸವೆಯುವ ಕಾಯಿಲೆಗೆ ಬ್ಲಡ್ ಟೆಸ್ಟ್ ಇದೆಯಾ?

ಇಲ್ಲ. ಆ ಕಾಯಿಲೆ ಖಾತ್ರಿಯಾಗುವುದು ಸತ್ತ ಮೇಲೆ ಮೆದುಳಿನ ಚೂರು ಪರೀಕ್ಷಿಸಿದಾಗ ಮಾತ್ರ. ಇದೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ನಾಳೆ ಮ್ಯಾಚ್. ವಾಟ್ಸ್‌ಆ್ಯಪ್‌ನಲ್ಲೇ ಫಿಟ್‌ನೆಸ್ ಸರ್ಟಿಫಿಕೇಟ್ ಕಳಿಸುತ್ತೀರಾ ಸರ್?

ಇಲ್ಲ.