ಒತ್ತದ ಸ್ವಿಚ್ಚು ಒತ್ತಿದಂತೆ ಕಾಣುವುದೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ರಾಜ್ಯೋತ್ಸವದ ರಸಪ್ರಶ್ನೆ ಸ್ಪರ್ಧೆಗೆಂದು ಆರ್ಡುಯಿನೋ ಊನೋ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಬಳಸಿ 16 ಸ್ವಿಚ್ಚುಗಳ ಫಲಕವೊಂದನ್ನು ಮಾಡುತ್ತಿದ್ದೇನೆ. ಪಿನ್ನುಗಳು ಸಾಲದೆ, ಸ್ವಿಚ್ಚುಗಳನ್ನು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳಾಗಿ ಹೆಣೆದಿದ್ದೇನೆ. ಒಂದೊಂದಾಗಿ ಒತ್ತಿದರೆ ಎಲ್ಲವೂ ಸರಿ. ಮೂವರು ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಯಾರೂ ಮುಟ್ಟದ ನಾಲ್ಕನೆಯ ಸಂಖ್ಯೆಯೂ ತೆರೆಯಲ್ಲಿ ಮೂಡುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿದೆಯೇ?
— ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಪ್ರೋಗ್ರಾಮಿನಲ್ಲಿ ಹುಡುಕಿ ದಣಿಯಬೇಡಿ, ತೊಂದರೆ ಇರುವುದು ಹೆಣಿಗೆಯಲ್ಲಿ. ಕಂಬಸಾಲುಗಳನ್ನು ಒಳಗಿನ ಪುಲ್‌ಅಪ್ ರೋಧಕಗಳಿಂದ ಮೇಲ್ಮಟ್ಟದಲ್ಲಿ (5 ವೋಲ್ಟ್) ಇರಿಸಿ, ಅಡ್ಡಸಾಲುಗಳನ್ನು ಒಂದೊಂದಾಗಿ ಸೊನ್ನೆ ವೋಲ್ಟ್‌ಗೆ ಇಳಿಸಿ, ಯಾವ ಕಂಬಸಾಲು ಸೊನ್ನೆಯಾಯಿತೆಂದು ನೀವು ಓದುತ್ತಿರಬೇಕು. ಮೊದಲ ಅಡ್ಡಸಾಲಿನ ಮೊದಲ ಎರಡು ಸ್ವಿಚ್ಚುಗಳೂ ಎರಡನೆಯ ಅಡ್ಡಸಾಲಿನ ಮೊದಲ ಸ್ವಿಚ್ಚೂ ಒತ್ತಿವೆ ಎನ್ನೋಣ. ಎರಡನೆಯ ಅಡ್ಡಸಾಲನ್ನು ಸೊನ್ನೆಗಿಳಿಸಿದಾಗ, ಎರಡನೆಯ ಕಂಬಸಾಲಿನ ವಿದ್ಯುತ್ತು ಮೊದಲ ಅಡ್ಡಸಾಲಿಗೆ ಹೋಗಿ, ಅಲ್ಲಿಂದ ಮೊದಲ ಕಂಬಸಾಲಿಗೆ ದಾಟಿ, ಒತ್ತಿರುವ ಮೂರನೆಯ ಸ್ವಿಚ್ಚಿನ ಮೂಲಕ ಸೊನ್ನೆಯನ್ನು ತಲುಪಿಬಿಡುತ್ತದೆ; ಎರಡನೆಯ ಕಂಬಸಾಲೂ ಸೊನ್ನೆಯಾಗಿ, ಅಲ್ಲಿನ ಒತ್ತದ ಸ್ವಿಚ್ಚೂ ಒತ್ತಿದಂತೆ ಕಾಣುತ್ತದೆ. ಹೀಗೆ ಸುತ್ತುದಾರಿಯಲ್ಲಿ ಬಂದ ಸೊನ್ನೆಯನ್ನು ನೇರದಾರಿಯದರಿಂದ ಬೇರ್ಪಡಿಸಿ ನೋಡಲು ಯಾವ ಪ್ರೋಗ್ರಾಮಿಗೂ ಸಾಧ್ಯವಿಲ್ಲ.

ಪರಿಹಾರ ಸುಲಭ. ಎಸ್‌ಪಿ ರಸ್ತೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4148 ಡಯೋಡ್ ಕೇಳಿ, ಪ್ರತಿ ಸ್ವಿಚ್ಚಿಗೂ ಒಂದರಂತೆ ಸರಣಿಯಲ್ಲಿ ಬೆಸೆಯಿರಿ. ಡಯೋಡಿನ ಕಪ್ಪು ಪಟ್ಟಿಯ ತುದಿ ಅಡ್ಡಸಾಲಿನ ಕಡೆಗಿರಬೇಕು. ಆಗ ವಿದ್ಯುತ್ತು ಕಂಬಸಾಲಿನಿಂದ ಅಡ್ಡಸಾಲಿಗೆ ಮಾತ್ರ ಹರಿದು, ಸುತ್ತುದಾರಿ ಮುಚ್ಚಿಹೋಗುತ್ತದೆ. ಡಯೋಡ್ ಹಾಕುವವರೆಗೆ, ಸರದಿ ಬಾರದ ಅಡ್ಡಸಾಲುಗಳನ್ನು ಮೇಲ್ಮಟ್ಟದ ಔಟ್‌ಪುಟ್ ಆಗಿ ಇಡದೆ ಇನ್‌ಪುಟ್ ಆಗಿಯೇ ಬಿಡಿ. ಇಲ್ಲವಾದರೆ ಒಂದೇ ಕಂಬಸಾಲಿನ ಎರಡು ಸ್ವಿಚ್ಚುಗಳನ್ನು ಒತ್ತಿದಾಗ ಎರಡು ಪಿನ್ನುಗಳ ನಡುವೆ ನೇರ ಶಾರ್ಟ್ ಆಗಿ ಚಿಪ್ಪಿಗೇ ಹಾನಿಯಾದೀತು.

ಹೊಸದಾಗಿ ಕಟ್ಟುವುದಾದರೆ ನಾನು 74ಎಚ್‌ಸಿ165 ಶಿಫ್ಟ್ ರಿಜಿಸ್ಟರನ್ನೇ (ಹಲವು ಇನ್‌ಪುಟ್ಟುಗಳನ್ನು ಒಮ್ಮೆಗೇ ಹಿಡಿದು ಒಂದೊಂದಾಗಿ ಕಳಿಸುವ ಚಿಪ್) ಆರಿಸುತ್ತಿದ್ದೆ. ಅಂಥ ಎರಡನ್ನು ಸರಪಳಿಯಂತೆ ಜೋಡಿಸಿದರೆ 16 ಸ್ವಿಚ್ಚುಗಳ ಸ್ಥಿತಿ ಮೂರೇ ಪಿನ್ನುಗಳಲ್ಲಿ ಬರುತ್ತದೆ. ಎಲ್ಲವೂ ಒಂದೇ ಕ್ಷಣದಲ್ಲಿ ಸೆರೆಯಾಗುವುದರಿಂದ, ಯಾರು ಮೊದಲು ಒತ್ತಿದರೆಂಬುದೇ ಮುಖ್ಯವಾದ ನಿಮ್ಮ ಸ್ಪರ್ಧೆಗೆ ಇದು ಹೆಚ್ಚು ನ್ಯಾಯವಾದ ದಾರಿ. ಆದರೆ ಅದರೊಳಗೆ ಪುಲ್‌ಅಪ್ ಇರುವುದಿಲ್ಲ, ಪ್ರತಿ ಇನ್‌ಪುಟ್ಟಿಗೂ 10 ಕಿಲೋ ಓಮ್ ರೋಧಕವನ್ನು ಹೊರಗಿನಿಂದ ಕೊಡಬೇಕು.

ಸ್ವಿಚ್ಚಿನ ಲೋಹದ ಎಲೆ ತಾಗಿದೊಡನೆ ಕೆಲವು ಮಿಲಿಸೆಕೆಂಡು ಅದುರುತ್ತದೆ. ಸಾಮಾನ್ಯವಾಗಿ ಅದುರು ನಿಲ್ಲಲೆಂದು 10–20 ಮಿಲಿಸೆಕೆಂಡು ಕಾದು ಒತ್ತಿದ್ದನ್ನು ಒಪ್ಪುತ್ತಾರೆ. ನೀವು ಹಾಗೆ ಕಾಯಬೇಡಿ. ಮೊದಲ ಸ್ಪರ್ಶವನ್ನೇ ದಾಖಲಿಸಿ, ಆ ಸ್ವಿಚ್ಚಿನ ಮುಂದಿನ ಅದುರುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳದಿರಿ.