ಕೋವಿ ಹುಚ್ಚಿರುವವರು ದಿನವಿಡೀ ಏನು ಮಾಡುತ್ತಾರೆ? ಗುಂಡು ಹೊಡೆಯುವುದು ಬಿಟ್ಟು ಬೇರೆ ಹವ್ಯಾಸ ಇರುತ್ತಾ?

ಆಫೀಸಿನಲ್ಲಿ ಒಬ್ಬ ಕೊಡಗಿನ ಗೆಳೆಯ ಇದ್ದಾನೆ, ಮಾತೆತ್ತಿದರೆ ಕೋವಿ, ಇಲ್ಲಾಂದ್ರೆ ಹಂದಿ ಸಾರು, ಇವರ ದಿನ ಹೇಗಿರುತ್ತೆ, ಕೋವಿ ಇಲ್ಲದ ನಾನೂ ಇದನ್ನು ಕಲಿಯಬಹುದಾ ಅಂತ ಕೇಳಿದ್ದೀರಿ. ನಾನೂ ಕೊಡಗಿನವನೇ, ಗೋಣಿಕೊಪ್ಪದ ಕಡೆಯವನು. ಮನೆಯಲ್ಲಿ ಅಜ್ಜನ ಕಾಲದ 12 ಬೋರಿನ ಜೋಡಿ ನಳಿಗೆ ಕೋವಿ ಇದೆ, ಅದರ ಜೊತೆಗೇ ಬೆಳೆದವನು. ನೇರವಾಗಿ ಹೇಳುತ್ತೇನೆ. ಗುಂಡು ಹೊಡೆಯುವುದು ಇಡೀ ವರ್ಷದಲ್ಲಿ ತೀರಾ ಸ್ವಲ್ಪ ಹೊತ್ತಿನ ಕೆಲಸ. ಉಳಿದ ಹೊತ್ತೆಲ್ಲ ಕೋವಿ ಒರೆಸುವುದು, ಎಣ್ಣೆ ಹಚ್ಚುವುದು, ನಾಲ್ಕು ಜನ ಸೇರಿ ಮಾತಾಡುವುದು, ಒಲೆ ಮುಂದೆ ನಿಂತು ಅಡುಗೆ ಮಾಡುವುದು.

ಯಾಕೆ ಅಂದರೆ ಒಂದು, ತೋಟೆ, ಅಂದರೆ ಕೋವಿಗೆ ತುಂಬುವ ಕಾಡತೂಸು, ದುಬಾರಿ. ಸುಮ್ನೆ ಹಾರಿಸಿ ಖಾಲಿ ಮಾಡುವ ಸಾಮಾನಲ್ಲ. ಇನ್ನೊಂದು, ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಅಧ್ಯಾಯ. ಹಳಬರು ಕಾಡುಹಂದಿ ಬೇಟೆಯ ಕಥೆ ಹೇಳುತ್ತಾರೆ, ನಾವು ಕೇಳುತ್ತೇವೆ, ಅಷ್ಟೇ. ಈಗ ನಮ್ಮ ಮನೆಯಲ್ಲಿ ಬೇಯುವುದು ಸಾಕಿದ ಹಂದಿ. ಕೊಡಗಿನವರೆಲ್ಲ ಕಾಡಿಗೆ ನುಗ್ಗಿ ಹೊಡೆಯುತ್ತಾರೆ ಅಂತ ಹೊರಗಿನವರು ಅಂದುಕೊಂಡಿರುವುದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ.

ಲೈಸೆನ್ಸ್ ವಿಚಾರವನ್ನೂ ಬೇಗ ಹೇಳಿಬಿಡುತ್ತೇನೆ. ಬ್ರಿಟಿಷರು 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿಯಿತು. ಕೊಡವರಿಗೂ, ಜಮ್ಮಾ ಜಮೀನು, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿ, ಇರುವ ಬೇರೆಯವರಿಗೂ ಇದು ಸಿಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಕೋರ್ಟಿಗೆ ಹೋದವರಿದ್ದರು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಾಗಂತ ಇದು ಹೇಗೆ ಬೇಕಾದರೂ ಬಳಸುವ ಪರವಾನಗಿ ಅಲ್ಲ. ಕೋವಿ ನಮಗೆ ಮನೆಯ ಹಿರಿಯರ ಹಾಗೆ. ಗಂಡು ಮಗು ಹುಟ್ಟಿದರೆ ಹರಳು ಗಿಡದ ದಂಟಿನಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಕೈಗಿಟ್ಟು ಗಾಳಿಯಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು. ಆ ಎರಡು ಸದ್ದು ಕೇಳಿದರೆ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ.

ಈಗ ದಿನನಿತ್ಯದ ಕಥೆಗೆ ಬರೋಣ. ನಮ್ಮ ಮಳೆಗಾಲ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಬಟ್ಟೆ ಒಣಗಲ್ಲ, ಬೆಂಕಿಪೊಟ್ಟಣ ಗೀರಿದರೆ ಹತ್ತಲ್ಲ, ಗೋಡೆಯೇ ಬೆವರುತ್ತದೆ. ಅಂಥ ಹವೆಯಲ್ಲಿ ಉಕ್ಕಿನ ನಳಿಗೆಯನ್ನು ತುಕ್ಕಿನಿಂದ ಉಳಿಸುವುದೇ ಒಂದು ಹವ್ಯಾಸ. ಬೆರಳಿನ ಬೆವರು ಸಾಕು, ಮುಟ್ಟಿದ ಜಾಗದಲ್ಲೇ ಕಂದು ಕಲೆ ಏಳುತ್ತದೆ. ಮೊದಲು ಕೋವಿಯನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿಯಾ ಅಂತ ಕಣ್ಣಿಂದ ನೋಡಬೇಕು, ಆಮೇಲೆ ಬೆರಳು ಹಾಕಿ ಇನ್ನೊಮ್ಮೆ ನೋಡಬೇಕು, ನಿನ್ನೆ ತಾನೇ ನೋಡಿದ್ದೆ ಅನ್ನುವ ಮಾತಿಲ್ಲ. ನಂತರ ನಳಿಗೆ ಬಿಚ್ಚಿ, ರಾಡಿಗೆ ಹಳೆ ಹತ್ತಿ ಬಟ್ಟೆಯ ಚೂರು ಸುತ್ತಿ ತೋಟೆ ಕೂರುವ ಕಡೆಯಿಂದ ಬಾಯಿಯ ಕಡೆಗೆ ತಳ್ಳುವುದು. ಮೊದಲ ಬಟ್ಟೆ ಮಸಿಯಾಗಿ ಬರುತ್ತದೆ, ಬಿಳಿಯಾಗಿ ಬರುವ ತನಕ ಬಿಡಬಾರದು. ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದಾಗ ಒಂದೇ ಒಂದು ಕಪ್ಪು ಗೆರೆಯೂ ಇಲ್ಲದೆ ಹೊಳೆದರೆ ಸಿಗುವ ಖುಷಿ ಬೇರೆಯೇ. ಕೊನೆಗೆ ತೆಳುವಾಗಿ ಎಣ್ಣೆ. ಜಾಸ್ತಿ ಸುರಿದರೆ ಧೂಳು ಹಿಡಿದು ಅಂಟಾಗುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಅಂಗೈಯಲ್ಲೇ ಉಜ್ಜುತ್ತೇನೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡುವುದಿಲ್ಲ, ಚರ್ಮ ತೇವ ಹೀರಿಕೊಂಡು ಅದನ್ನೇ ಕಬ್ಬಿಣಕ್ಕೆ ದಾಟಿಸುತ್ತದೆ.

ಇದೆಲ್ಲ ಕೈಲ್‌ ಪೊಳ್ದ್‌ಗೆ ತಯಾರಿ. ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುವ ಆಯುಧದ ಹಬ್ಬ. ಕೆಲವು ನಾಡುಗಳಲ್ಲಿ ದಿನ ಹಿಂದೆ ಮುಂದೆ ಆಗುತ್ತದೆ. ಹಿಂದೆಲ್ಲ ಗದ್ದೆ ಕೆಲಸ ಶುರುವಾದರೆ ಕೋವಿ ಕತ್ತಿಯನ್ನು ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತಿದ್ದರು, ಹಬ್ಬದ ದಿನವೇ ಹೊರಗೆ ತೆಗೆಯುವುದು. ಅವತ್ತು ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಬೇಲಿಯಲ್ಲಿ ಬೆಂಕಿಯ ನಾಲಿಗೆ ಥರ ಕೆಂಪು ಹಳದಿ ಎಸಳು ಮೇಲಕ್ಕೆ ಬಾಗಿಸಿಕೊಂಡು ಅರಳುತ್ತಲ್ಲ, ಅದೇ ಹೂವು. ಪೂಜೆ ಆದ ಮೇಲೆ ಮೈದಾನಕ್ಕೆ, ತೆಂಗಿನಕಾಯಿಗೆ ಗುರಿ ಇಡುವುದಕ್ಕೆ.

ಮರದ ಎತ್ತರದಲ್ಲಿ ಕಾಯಿ ಕಟ್ಟಿರುತ್ತಾರೆ. ಕೆಳಗಿಂದ ನೋಡಿದರೆ ಸುಲಭ ಅನಿಸುತ್ತೆ, ಆದರೆ ಗಾಳಿಗೆ ಕಾಯಿ ಅಲ್ಲಾಡುತ್ತಲೇ ಇರುತ್ತದೆ, ತಲೆ ಮೇಲೆತ್ತಿ ಹಿಡಿದ ಕೋವಿ ತೋಳಿಗೆ ಭಾರ ಬೀಳುತ್ತದೆ, ಸುತ್ತ ಇಡೀ ಊರೇ ಉಸಿರು ಬಿಗಿಹಿಡಿದು ನೋಡುತ್ತಿರುತ್ತದೆ. ತುಂಬ ಜನ ತಪ್ಪುವುದು ಒಂದೇ ಕಡೆ, ಸದ್ದಿಗೆ ಹೆದರಿ ಕುದುರೆಯನ್ನು, ಅಂದರೆ ಟ್ರಿಗರ್ ಅನ್ನು, ಸರಕ್ಕನೆ ಎಳೆದುಬಿಡುತ್ತಾರೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳನ್ನು ನಿಧಾನಕ್ಕೆ ಒತ್ತುತ್ತಾ ಹೋಗಬೇಕು, ಈಡು ಯಾವಾಗ ಹಾರಿತು ಅಂತ ನಿಮಗೇ ಗೊತ್ತಾಗಬಾರದು. ನಮ್ಮ ಚಿಕ್ಕಮ್ಮ ಹೊಡೆಯುವುದನ್ನು ನೋಡಬೇಕು, ಭುಜ ಬಿಟ್ಟರೆ ಮೈಯಲ್ಲಿ ಏನೂ ಅಲ್ಲಾಡುವುದಿಲ್ಲ. ಹೆಂಗಸರೂ ಸಾಲಿನಲ್ಲಿ ನಿಂತು ಹೊಡೆಯುತ್ತಾರೆ, ಕಾಯಿ ಒಡೆದರೆ ಅದೇ ಕೂಗು, ಅದೇ ಚಪ್ಪಾಳೆ. ಒಂದು ನಿಯಮ ಮಾತ್ರ ನಮ್ಮಲ್ಲಿ ಯಾರಿಗೂ ಸಡಿಲ ಇಲ್ಲ. ಕೊನೆಯ ಕೋವಿ ಖಾಲಿಯಾಗಿ ಒಳಗೆ ಹೋಗುವ ತನಕ ಒಬ್ಬರೂ ಮದ್ಯದ ಗ್ಲಾಸ್ ಮುಟ್ಟುವ ಹಾಗಿಲ್ಲ.

ಆಮೇಲೆ ಊಟ. ಪಂದಿ ಕರಿ, ಅಂದರೆ ಹಂದಿ ಸಾರು, ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು. ನಮ್ಮ ಮನೆಯಲ್ಲಿ ಹಬ್ಬದ ಪಂದಿ ಕರಿ ಮಾಡುವುದು ಗಂಡಸರೇ, ಹೊರಗೆ ಸೌದೆ ಒಲೆಯಲ್ಲಿ. ಮಾಂಸ ಚರ್ಮ, ಕೊಬ್ಬು ಸಮೇತ ಇರಬೇಕು, ಬರೀ ಕೆಂಪು ಮಾಂಸ ತಂದು ಮಾಡಿದರೆ ನಾರು ನಾರಾಗುತ್ತದೆ. ಅರಿಶಿನ, ಉಪ್ಪು, ಖಾರದ ಪುಡಿ ಹಚ್ಚಿಟ್ಟು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಅರೆದು ಹಾಕಿ ಬೇಯಲು ಬಿಡುತ್ತೇನೆ, ನೀರು ಹೆಚ್ಚು ಬೇಡ, ಮಾಂಸವೇ ಬಿಡುತ್ತದೆ. ಅಸಲಿ ಕೆಲಸ ಹುರಿಯುವುದರಲ್ಲಿದೆ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ, ಇಷ್ಟನ್ನೂ ಸಣ್ಣ ಉರಿಯಲ್ಲಿ ಕಾಫಿ ಪುಡಿಯ ಬಣ್ಣ ಬರುವ ತನಕ ಹುರಿಯಬೇಕು. ಬಣ್ಣ ಬಂದ ಮೇಲೆ ಅರ್ಧ ನಿಮಿಷ ಬಿಟ್ಟರೂ ಸೀದು ಕಹಿಯಾಗುತ್ತದೆ, ಹಾಗಾಗಿ ಬಾಣಲೆ ಇಳಿಸಿದ ತಕ್ಷಣ ತಟ್ಟೆಗೆ ಸುರಿಯಿರಿ. ಪುಡಿ ಮಾಡಿ ಮಾಂಸ ಮುಕ್ಕಾಲು ಬೆಂದಾಗ ಹಾಕಿ. ಕಾಚಂಪುಳಿ ಕಟ್ಟಕಡೆಗೆ, ಒಂದು ಕೆಜಿಗೆ ಒಂದೂವರೆ ಚಮಚ, ಹಾಕಿದ ಮೇಲೆ ಒಂದು ಕುದಿ. ಪಣಂಪುಳಿ ಹಣ್ಣಿನ ರಸ ಇಳಿಸಿ ಕುದಿಸಿ ಬತ್ತಿಸಿದ ಕಪ್ಪು ಹುಳಿ ಅದು. ಹುಣಸೆಹಣ್ಣು ಹಾಕಿಯೂ ಮಾಡುತ್ತಾರೆ, ಆದರೆ ಆ ರುಚಿ ಬರುವುದಿಲ್ಲ, ಸುಳ್ಳು ಹೇಳಲಾರೆ. ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ.

ಕಡಂಬುಟ್ಟಿಗೆ ಅಕ್ಕಿ ತರಿ ಸಾಕು. ಒಂದು ಲೋಟಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ನೀರು, ಉಪ್ಪು ಹಾಕಿ ಕುದಿಸಿ ತರಿ ಸುರಿದು ಕೆದಕಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಹಬ್ಬ ಇಲ್ಲದ ದಿನ ಕಳಲೆ ಸಾರು, ಮಳೆ ಬಿದ್ದಾಗ ಎದ್ದ ಅಣಬೆ. ಆಗಸ್ಟ್ 3, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ, ಕಡು ನೇರಳೆ ಬಣ್ಣದ್ದು.

ನಿಮ್ಮ ಎರಡನೇ ಪ್ರಶ್ನೆ, ಕಲಿಯಬಹುದಾ? ಖಂಡಿತ. ಅದಕ್ಕೆ ಕೊಡಗಿನಲ್ಲಿ ಹುಟ್ಟಬೇಕಾಗಿಲ್ಲ. ಹತ್ತಿರದಲ್ಲಿ ರೈಫಲ್ ಕ್ಲಬ್ ಇದ್ದರೆ ಅಲ್ಲಿಂದ ಶುರು ಮಾಡಿ, ಹೇಳಿಕೊಡುವವರು ಪಕ್ಕದಲ್ಲಿದ್ದರೆ ಕೆಟ್ಟ ಅಭ್ಯಾಸ ಅಂಟುವುದಿಲ್ಲ. 2016ರ ಆಯುಧ ನಿಯಮದ ಪ್ರಕಾರ .177 ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದನ್ನು ಆಟದ ಸಾಮಾನು ಅಂದುಕೊಳ್ಳಬೇಡಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಆ ಗುರಿಹಲಗೆಯಲ್ಲಿ ಹತ್ತು ಅಂಕದ ನಡುಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಅದರ ಮುಂದೆ ನಿಂತರೆ ನಿಮ್ಮ ಎದೆಬಡಿತವೂ ನಳಿಗೆಯ ತುದಿಯಲ್ಲಿ ಕಾಣುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಹಿಂದೆ ಮರಳು ತುಂಬಿದ ಪೆಟ್ಟಿಗೆ ಇಡಿ, ಸೀಸದ ಪೆಲೆಟ್ ಗಟ್ಟಿ ಜಾಗಕ್ಕೆ ಬಡಿದು ವಾಪಸ್ ಹಾರುತ್ತದೆ, ಕನ್ನಡಕ ಇಲ್ಲದೆ ಹೊಡೆಯಲೇಬೇಡಿ. ಹಕ್ಕಿ, ಅಳಿಲಿನ ಕಡೆ ನಳಿಗೆ ತಿರುಗಿಸುವ ಯೋಚನೆಯೂ ಬೇಡ. ಸ್ಪ್ರಿಂಗಿನ ಏರ್ ಗನ್ ಆದರೆ ಪೆಲೆಟ್ ಹಾಕದೆ ಖಾಲಿ ಹೊಡೆಯಬೇಡಿ, ಒಳಗಿನ ಪಿಸ್ಟನ್ ಮತ್ತು ಸೀಲ್ ಬೇಗ ಹಾಳಾಗುತ್ತವೆ. ಪಂದಿ ಕರಿ ಮಾಡುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾಮೆಂಟಿನಲ್ಲಿ ಕೇಳಿ, ಉತ್ತರಿಸುತ್ತೇನೆ.