ಮೂಳೆ ಕೂಡಿದೆ ಅಂತಾರೆ, ನೋವು ಮಾತ್ರ ಯಾಕೆ ಹೋಗಿಲ್ಲ?

ಪ್ರಶ್ನೆ: ನನಗೆ 43 ವರ್ಷ. ತರೀಕೆರೆ ಹತ್ತಿರ ಸಣ್ಣ ಹೋಟೆಲ್ ನಡೆಸುತ್ತೇನೆ. ಏಳು ತಿಂಗಳ ಹಿಂದೆ ಮಳೆಯಲ್ಲಿ ಸ್ಕೂಟಿ ಜಾರಿ ಬಿದ್ದು, ಬಲಗಾಲಿನ ಮಂಡಿಯ ಕೆಳಗಿನ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಹೋದ ತಿಂಗಳು ಎಕ್ಸ್‌ರೇ ನೋಡಿ “ಮೂಳೆ ಚೆನ್ನಾಗಿ ಕೂಡಿದೆ, ಇನ್ನೇನೂ ತೊಂದರೆ ಇಲ್ಲ” ಅಂದರು. ಆದರೆ ನೋವು ಹೋಗಿಲ್ಲ. ದೇವರ ಮುಂದೆ ಮಂಡಿಯೂರಲು ಆಗುವುದಿಲ್ಲ. ಮಂಡಿಯ ಪಕ್ಕದಲ್ಲಿ ಮುಟ್ಟಿದರೆ ಜೋಮು. ಬೆಳಿಗ್ಗೆ ಎದ್ದಾಗ ಮೊದಲ ಹತ್ತು ಹೆಜ್ಜೆ ಕುಂಟುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ. ದಿನಾ ಒಂದು ನೋವಿನ ಮಾತ್ರೆ ನುಂಗುತ್ತಿದ್ದೇನೆ. ಮನೆಯವರು “ಎಲ್ಲ ಮನಸ್ಸಿನ ನೋವು” ಅನ್ನುತ್ತಾರೆ. ಒಳಗೆ ರಾಡ್ ಸಡಿಲ ಆಗಿರಬಹುದಾ ಡಾಕ್ಟ್ರೇ?

ಉತ್ತರ: ನಿಮ್ಮ ನೋವು ನಿಜ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮತ್ತು ರಾಡ್ ಮಾತ್ರ. ಸ್ನಾಯು, ನರ, ಚರ್ಮ, ಕೀಲಿನ ಬಿಗಿತ ಯಾವುದೂ ಅದರಲ್ಲಿ ಕಾಣುವುದಿಲ್ಲ. ಬಿದ್ದ ದಿನ ಪೆಟ್ಟು ತಿಂದದ್ದು ಬರೀ ಮೂಳೆಯಲ್ಲ, ಇಡೀ ಕಾಲು. ಮೂಳೆ ತನ್ನ ಕೆಲಸ ಮುಗಿಸಿದೆ. ಉಳಿದವು ಇನ್ನೂ ಮುಗಿಸಿಲ್ಲ.

ನೋವು ಅಂತ ಬಂದವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ: ಒಂದೇ ಬೆರಳಿನಲ್ಲಿ ತೋರಿಸಿ. ಮೊದಲು ಅವರ ಇಡೀ ಅಂಗೈ ಮಂಡಿಯಿಂದ ಪಾದದವರೆಗೂ ಸವರುತ್ತದೆ. “ಇಲ್ಲೆಲ್ಲ” ಅನ್ನುತ್ತಾರೆ. ಮತ್ತೆ ಕೇಳಿದರೆ ಬೆರಳು ನಿಧಾನವಾಗಿ ಒಂದು ಕಡೆ ನಿಲ್ಲುತ್ತದೆ. ಆಮೇಲೆ ಇನ್ನೊಂದು ಕಡೆ. ನಿಮ್ಮ ಪತ್ರದಲ್ಲೂ ಹಾಗೇ ಇದೆ. ಒಂದು ನೋವಲ್ಲ, ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಕಾರಣವೂ ಬೇರೆ, ಪರಿಹಾರವೂ ಬೇರೆ. ಎಲ್ಲಕ್ಕೂ ಸೇರಿಸಿ ಒಂದು ಮಾತ್ರೆ ನುಂಗಿದರೆ ಹೇಗೆ ಹೋದೀತು?

ಮೊದಲು ಮಂಡಿಯ ಮುಂಭಾಗ. ನಿಮಗೆ ಮುರಿದದ್ದು ಕೆಳಗೆ, ಆದರೆ ರಾಡ್ ಒಳಗೆ ಹೋದದ್ದು ಮೇಲಿನಿಂದ. ಸಾಮಾನ್ಯವಾಗಿ ಮಂಡಿಚಿಪ್ಪಿನ ಕೆಳಗೆ ಕೊಯ್ದು, ಅಲ್ಲಿರುವ ಗಟ್ಟಿ ನಾರನ್ನು ಸೀಳಿ ಅಥವಾ ಪಕ್ಕಕ್ಕೆ ಸರಿಸಿ, ಮೂಳೆಯ ಮೇಲ್ತುದಿಯಲ್ಲಿ ರಂಧ್ರ ಮಾಡಿ ರಾಡ್ ಇಳಿಸುತ್ತಾರೆ. ಮಂಡಿಯೂರಿದಾಗ ದೇಹದ ಭಾರ ಬೀಳುವುದು ಸರಿಯಾಗಿ ಆ ಜಾಗದ ಮೇಲೆ. ಈ ಆಪರೇಷನ್ ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಂಡಿಯ ಮುಂದೆ ಸ್ವಲ್ಪವಾದರೂ ನೋವು ಉಳಿಯುತ್ತದೆ. ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಬೇಕು. ನಾವು ಡಾಕ್ಟರುಗಳು ಮೂಳೆ ಕೂಡಿಸುವ ಗಡಿಬಿಡಿಯಲ್ಲಿ ಇದನ್ನು ಹೇಳದೆ ಬಿಡುತ್ತೇವೆ, ಅದು ತಪ್ಪು. ಸದ್ಯಕ್ಕೆ ಪೂಜೆಗೆ ಎತ್ತರದ ಮಣೆ ಅಥವಾ ಕುರ್ಚಿ ಇಟ್ಟುಕೊಳ್ಳಿ. ತೊಡೆಯ ಸ್ನಾಯು ಬಲವಾದಷ್ಟೂ ಈ ನೋವು ಕಡಿಮೆಯಾಗುತ್ತದೆ.

ಎರಡನೆಯದು ಜೋಮು. ಮಂಡಿಯ ಮುಂದೆ ಚರ್ಮದ ಕೆಳಗೆ ದಾರದಂಥ ಒಂದು ನರದ ಕವಲು ಹಾದುಹೋಗುತ್ತದೆ. ಅಲ್ಲಿ ಕೊಯ್ಯುವಾಗ ಅದು ಎಷ್ಟೋ ಸಲ ತುಂಡಾಗುತ್ತದೆ. ಆ ನರ ಸ್ಪರ್ಶ ತಿಳಿಸುತ್ತದೆಯೇ ಹೊರತು ಕಾಲು ಆಡಿಸುವುದಿಲ್ಲ. ಹಾಗಾಗಿ ಇದರಿಂದ ಅಪಾಯವಿಲ್ಲ. ಜೋಮಿನ ಜಾಗ ವರ್ಷ ಕಳೆದಂತೆ ಚಿಕ್ಕದಾಗುತ್ತದೆ. ಕೆಲವರಿಗೆ ಒಂದಿಷ್ಟು ಉಳಿದೇಬಿಡುತ್ತದೆ.

ಬೆಳಿಗ್ಗೆಯ ಕುಂಟು ಹೆಚ್ಚಾಗಿ ಪಾದದ ಗಂಟಿನ ಬಿಗಿತದಿಂದ ಬರುತ್ತದೆ. ತಿಂಗಳುಗಟ್ಟಲೆ ಕಾಲು ಸರಿಯಾಗಿ ಊರದಿದ್ದರೆ ಮೀನಖಂಡ ಮೊಟಕಾಗುತ್ತದೆ. ಹಾಸಿಗೆಯಿಂದ ಇಳಿಯುವ ಮುಂಚೆ ಪಾದವನ್ನು ಮೂವತ್ತು ಸಲ ಮೇಲೆ ಕೆಳಗೆ ಆಡಿಸಿ. ಆಮೇಲೆ ಗೋಡೆಗೆ ಕೈ ಕೊಟ್ಟು, ಬಲಗಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದೆ ಬಾಗಿ. ಮೀನಖಂಡ ಎಳೆದಂತಾಗಬೇಕು. ಹಾಗೇ ಮೂವತ್ತು ಎಣಿಸಿ. ಇದನ್ನು ನಾಲ್ಕು ಸಲ ಮಾಡಿ.

ಇನ್ನು ಊತ. ಇದು ನಿಮ್ಮ ಕೆಲಸಕ್ಕೂ ಸಂಬಂಧಪಟ್ಟದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಅಂದರೆ ಮೀನಖಂಡ. ಅದು ಸೊರಗಿದೆ. ದರ್ಜಿಯ ಟೇಪು ತಗೊಂಡು, ಬೆಳಿಗ್ಗೆ ಊತ ಇಲ್ಲದಾಗ, ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. ಬಲಗಾಲು ಒಂದೂವರೆ, ಎರಡು ಸೆಂಟಿಮೀಟರ್ ಸಣ್ಣಗಿದ್ದರೆ ಆಶ್ಚರ್ಯವಿಲ್ಲ. ಹೀಗಿರುವಾಗ ನೀವು ಬೆಳಿಗ್ಗೆ ಐದಕ್ಕೇ ಒಲೆ ಮುಂದೆ ನಿಂತರೆ ರಕ್ತ ಕೆಳಗೇ ನಿಲ್ಲುತ್ತದೆ. ನಡೆದಾಡುವುದಕ್ಕಿಂತ ನಿಂತಲ್ಲೇ ನಿಲ್ಲುವುದು ಈ ಕಾಲಿಗೆ ಹೆಚ್ಚು ಕಷ್ಟ. ಇಡ್ಲಿ ಬೇಯಲು ಇಟ್ಟಾಗಲೆಲ್ಲ ಕಟ್ಟೆ ಹಿಡಿದುಕೊಂಡು ಎರಡೂ ಹಿಮ್ಮಡಿ ಎತ್ತಿ ಇಳಿಸಿ, ಇಪ್ಪತ್ತು ಸಲ. ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದನ್ನು ಎತ್ತರದ ಸ್ಟೂಲಿನ ಮೇಲೆ ಕೂತು ಮಾಡಿ. ಊಟದ ಗಿರಾಕಿ ಮುಗಿದ ಮೇಲೆ ಅರ್ಧ ಗಂಟೆ ಮಲಗಿ, ಕಾಲು ಎದೆಗಿಂತ ಎತ್ತರದಲ್ಲಿರುವ ಹಾಗೆ ದಿಂಬು ಕೊಡಿ. ಊತ ಒಂದು ವರ್ಷದವರೆಗೂ ಬಂದು ಹೋಗಬಹುದು. ಬೆಳಿಗ್ಗೆ ಇಳಿದಿರುತ್ತದೆ ಅಂದರೆ ಹೆದರಬೇಡಿ.

ರಾಡ್ ಸಡಿಲವೇ ಅಂತ ಕೇಳಿದ್ದೀರಿ. ಕಾಲು ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಮೂಳೆ ಕೂಡದಿದ್ದರೆ ಅಥವಾ ರಾಡಿನ ತೊಂದರೆ ಇದ್ದರೆ ನೋವಿನ ರೀತಿಯೇ ಬೇರೆ. ಭಾರ ಹಾಕಿದಾಗಲೆಲ್ಲ ಮುರಿದ ಜಾಗದಲ್ಲೇ ಹಿಂಡುತ್ತದೆ. ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತದೆ. ನೀವು ಹೇಳಿದ ಯಾವ ನೋವೂ ಹಾಗಿಲ್ಲ. ಈ ಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಮೂಳೆ ಚರ್ಮ ಸೀಳಿ ಹೊರಬಂದಿದ್ದವರಿಗೆ ಇನ್ನೂ ತಡ. ಎಕ್ಸ್‌ರೇಯನ್ನು ಎರಡು ಕೋನದಿಂದ ತೆಗೆಯುತ್ತಾರೆ. ಎರಡರಲ್ಲೂ ಸೇರಿ ಮೂಳೆಯ ನಾಲ್ಕು ಅಂಚು ಕಾಣುತ್ತವೆ. ಕನಿಷ್ಠ ಮೂರರಲ್ಲಿ ಹೊಸ ಮೂಳೆ ಸೇತುವೆ ಕಟ್ಟಿದ್ದರೆ ಕೂಡಿದೆ ಅನ್ನುತ್ತೇವೆ. ಮುಂದಿನ ಸಲ ಫಿಲ್ಮ್ ಹಿಡಿದು “ಎಷ್ಟು ಅಂಚು ಕೂಡಿದೆ ಸಾರ್?” ಅಂತ ಧಾರಾಳವಾಗಿ ಕೇಳಿ. ಪಾದದ ಗಂಟಿನ ಮೇಲೆ ಚರ್ಮದಡಿ, ರಾಡ್ ಅಲುಗದಂತೆ ಹಾಕಿದ ಸ್ಕ್ರೂವಿನ ತಲೆ ಬೆರಳಿಗೆ ಸಿಕ್ಕಿ, ಅಲ್ಲೇ ಚುಚ್ಚುತ್ತಿದ್ದರೆ ಅದನ್ನೂ ತೋರಿಸಿ. ಮೂಳೆ ಕೂಡಿದ್ದರೆ ಆ ಸ್ಕ್ರೂ ಒಂದನ್ನೇ ಸಣ್ಣ ಆಪರೇಷನ್ ಮಾಡಿ ತೆಗೆಯಬಹುದು.

ಮಾತ್ರೆಯ ವಿಷಯ ನನಗೆ ನಿಜಕ್ಕೂ ಚಿಂತೆ ತಂದಿದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಬಿಪಿ ಏರುತ್ತದೆ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರಿಸಬೇಡಿ. ನಿಮ್ಮ ಡಾಕ್ಟರಿಗೆ ಹೇಳಿ, ಕಿಡ್ನಿಯ ರಕ್ತಪರೀಕ್ಷೆ ಒಂದು ಮಾಡಿಸಿ. ನೋವು ಜಾಸ್ತಿಯಾದ ದಿನಕ್ಕೆ ಮಾತ್ರ ಪ್ಯಾರಸಿಟಮಾಲ್ ಸಾಕೇ ಅಂತ ಅವರನ್ನೇ ಕೇಳಿ. ಇದ್ದಕ್ಕಿದ್ದಂತೆ ಉರಿ, ಕರೆಂಟ್ ಹೊಡೆದಂಥ ನೋವು ಬಂದರೆ ಅದು ನರದ ನೋವು. ಅದಕ್ಕೆ ಬೇರೆಯೇ ಔಷಧಿ ಇದೆ.

ಮನೆಯವರ ಮಾತಿಗೆ ಬರುತ್ತೇನೆ. ಬಹಳ ದಿನ ನೋವು ತಿಂದ ಕಾಲಿನ ನರಗಳು ಸೂಕ್ಷ್ಮವಾಗಿಬಿಡುತ್ತವೆ. ಸುಟ್ಟುಕೊಂಡ ಬೆರಳು ಬೆಚ್ಚಗಿನ ಲೋಟ ಮುಟ್ಟಿದರೂ ಚುರ್ ಅನ್ನುವುದಿಲ್ಲವೇ, ಹಾಗೆ. ನಿದ್ದೆ ಕೆಟ್ಟರೆ, ಮತ್ತೆ ಬೀಳುತ್ತೇನೇನೋ ಅನ್ನುವ ಭಯ ಇದ್ದರೆ, ಅಂಗಡಿ ಸಾಲದ ಚಿಂತೆ ಇದ್ದರೆ ನೋವು ಇನ್ನೂ ಹೆಚ್ಚು ತಿಳಿಯುತ್ತದೆ. ಅದು ನಾಟಕವಲ್ಲ. ಮನೆಯವರು ಈ ಸಾಲನ್ನು ಓದಲಿ: ಅವರನ್ನು ನಂಬಿ, ಬೆಳಗಿನ ಹೊತ್ತು ಒಂದೆರಡು ಗಂಟೆ ಒಲೆ ಮುಂದೆ ನೀವು ನಿಲ್ಲಿ.

ವ್ಯಾಯಾಮ ಎಷ್ಟು ಮಾಡಬೇಕು ಅನ್ನುವುದಕ್ಕೆ ಒಂದು ಸುಲಭದ ಅಳತೆ ಇದೆ. ಇವತ್ತು ಹೆಚ್ಚಾದ ನೋವು ನಾಳೆ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದರೆ ಸರಿಯಾಗಿದೆ. ಇಳಿಯದಿದ್ದರೆ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಹಾಯಾಗಿದೆ ಅಂತ ಒಂದೇ ದಿನ ಸಂತೆಯೆಲ್ಲ ಸುತ್ತಿ ಮೂರು ದಿನ ಮಲಗುವುದೂ ಬೇಡ. ರಾಗಿ, ಹಾಲು, ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಣ್ಣೆ ಹಚ್ಚಿ ಮೆತ್ತಗೆ ಸವರಿದರೆ ತೊಂದರೆಯಿಲ್ಲ. ಆದರೆ ಯಾರ ಹತ್ತಿರವೂ ಗಟ್ಟಿಯಾಗಿ ಉಜ್ಜಿಸುವುದು, ಎಳೆಸುವುದು, ಬಿಗಿಯಾಗಿ ಕಟ್ಟಿಸುವುದು ಬೇಡವೇ ಬೇಡ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಜ್ವರ ಬಂದು ಗಾಯದ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ನೀರು ಸೋರಿದರೆ ಅದೇ ದಿನ ತೋರಿಸಿ. ಮೀನಖಂಡ ಒಂದೇ ಸಮನೆ ಊದಿ ಗಟ್ಟಿಯಾಗಿ ನೋಯತೊಡಗಿದರೂ ಅಷ್ಟೇ, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮಮ್ಮನಿಗೆ 61. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ಒಂಬತ್ತು ವಾರ ಆಯಿತು. ಮೂಳೆ ಸರಿಯಿದೆಯಂತೆ. ಆದರೆ ಕೈ ಊದಿ, ಕೆಂಪಾಗಿ ಹೊಳೆಯುತ್ತದೆ, ಬೆವರುತ್ತದೆ. ಸೆರಗು ತಾಗಿದರೂ ಉರಿ ಅನ್ನುತ್ತಾರೆ. ಬೆರಳು ಮಡಚುವುದಿಲ್ಲ. ಇಡೀ ದಿನ ಒದ್ದೆ ಟವೆಲ್ ಸುತ್ತಿಕೊಂಡು ಕೂತಿರುತ್ತಾರೆ. ಇನ್ನೂ ಸ್ವಲ್ಪ ದಿನ ಕಾಯಬಹುದಾ? (ದಾವಣಗೆರೆ)

ಉತ್ತರ: ಕಾಯಬೇಡಿ. ಈ ವಾರವೇ ಹೋಗಿ. ನೀವು ಬರೆದದ್ದನ್ನು ನೋಡಿದರೆ ಇದು ಸಿಆರ್‌ಪಿಎಸ್, ಅಂದರೆ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಇರಬಹುದು. ಮೂಳೆ ಸರಿಹೋದರೂ ನೋವಿನ ನರಗಳು ಶಾಂತವಾಗದೆ, ಆ ಕೈಯ ರಕ್ತ ಸಂಚಾರ, ಬೆವರು ಎಲ್ಲ ಏರುಪೇರಾಗುವ ಸ್ಥಿತಿ ಇದು. ಒದ್ದೆ ಟವೆಲ್ ಅಂತ ಬರೆದಿದ್ದೀರಿ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ನೋಡಿಕೊಂಡ ಡಾಕ್ಟರ್ ಸೈಲಸ್ ವಿಯರ್ ಮಿಚೆಲ್ ಇದೇ ಬಗೆಯ ಉರಿ ನೋವನ್ನು ಬರೆದಿಟ್ಟಿದ್ದಾರೆ. ಆ ಸೈನಿಕರೂ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು. ನಿಮ್ಮ ತಾಯಿ ಸುಮ್ನೆ ಹೇಳುತ್ತಿಲ್ಲ.

ಡಾಕ್ಟರು ಮೊದಲು ಸೋಂಕು ಇಲ್ಲ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿಲ್ಲ, ಸ್ಕ್ರೂ ಯಾವುದಕ್ಕೂ ತಾಗುತ್ತಿಲ್ಲ ಅಂತ ನೋಡಬೇಕು. ಆಮೇಲೆ ಮುಖ್ಯ ಚಿಕಿತ್ಸೆ ಅಂದರೆ ಕೈ ಆಡಿಸುವುದೇ. ನೋವಿಗೆ ಸರಿಯಾದ ಔಷಧಿ ಕೊಟ್ಟು, ಅದು ಇಳಿದ ಹೊತ್ತಿನಲ್ಲಿ ಆಡಿಸಬೇಕು. ಕೈ ಚಿಕಿತ್ಸೆ ಗೊತ್ತಿರುವ ಫಿಸಿಯೋ ಸಿಕ್ಕರೆ ಅರ್ಧ ಗೆದ್ದಂತೆ. ಮನೆಯಲ್ಲಿ ಹತ್ತಿಯಿಂದ ಶುರುಮಾಡಿ. ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ ಮೆಲ್ಲಗೆ ಸವರಿ. ಅದು ಸಹಿಸುವಂತಾದ ಮೇಲೆ ಹಳೆ ಸೀರೆ, ಆಮೇಲೆ ಟವೆಲ್, ಕೊನೆಗೆ ಒಂದು ಪಾತ್ರೆ ರಾಗಿಯೊಳಗೆ ಕೈ ಇಟ್ಟು ಬೆರಳು ಆಡಿಸಲಿ. ನೀವು ಬಲವಂತವಾಗಿ ಬೆರಳು ಮಡಚಬೇಡಿ. ಐಸ್ ಇಡಬೇಡಿ. ಕೈಯನ್ನು ಜೋಲಿಯಲ್ಲಿ ತೂಗುಹಾಕಿ ಕೂರಿಸುವುದೂ ಬೇಡ.

ಇನ್ನೊಂದು ಮಾತು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿರುವ ಸಾಧ್ಯತೆ ಇದೆ. ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಈಗ ಚಿಕಿತ್ಸೆ ಕೊಡಿಸಿದರೆ ಮುಂದೆ ಸೊಂಟದ ಹತ್ತಿರ ಮೂಳೆ ಮುರಿಯುವ ಅಪಾಯ ಕಡಿಮೆಯಾಗುತ್ತದೆ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಇವತ್ತೇ.

ಪ್ರಶ್ನೆ: ತೊಡೆ ಮೂಳೆಯಲ್ಲಿ ರಾಡ್ ಇದೆ, ಮೂರು ವರ್ಷ ಆಯಿತು. ಮಳೆಗಾಲದಲ್ಲಿ ಮಾತ್ರ ಸೆಳೆತ. ರಾಡ್ ತುಕ್ಕು ಹಿಡಿಯುತ್ತಾ? ತೆಗೆಸಿಬಿಡಲಾ? ವಯಸ್ಸು 29. (ಶಿರಸಿ)

ಉತ್ತರ: ಮೂಳೆಗೆ ಹಾಕುವ ಟೈಟಾನಿಯಂ ಅಥವಾ ಸ್ಟೀಲ್ ಮನೆಯ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ತಂಪಿಗೆ ನೋವು ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಬೆಚ್ಚಗೆ ಇಟ್ಟುಕೊಂಡು, ನಡೆದಾಡಿದರೆ ಸಾಮಾನ್ಯವಾಗಿ ಹಗುರಾಗುತ್ತದೆ. ತೊಂದರೆ ಕೊಡದ ರಾಡ್ ಜೀವನಪೂರ್ತಿ ಒಳಗೇ ಇರಬಹುದು. ತೆಗೆಸುವುದೂ ಒಂದು ಆಪರೇಷನ್ನೇ, ಅರಿವಳಿಕೆ, ಸೋಂಕಿನ ಅಪಾಯ ಎಲ್ಲ ಇದ್ದದ್ದೇ. ತೆಗೆಸಿದ ಮೇಲೂ ನೋವು ಉಳಿದವರಿದ್ದಾರೆ. ಸೊಂಟದ ಪಕ್ಕದಲ್ಲಿ ರಾಡಿನ ತುದಿ ಒತ್ತಿ, ಆ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ ಅನ್ನುವಂತಿದ್ದರೆ ತೆಗೆಸುವ ಮಾತಾಡೋಣ. ಮಳೆಗಾಲದ ಸೆಳೆತ ಒಂದಕ್ಕೇ ಆದರೆ ಬೇಡ.